ತೊಟ್ಟಿಮನೆ ಜಗಲಿಗೆ ರೆಸಿನ್ ಬೆಂಚು: ಮಳೆಗಾಲ ತಡೆಯುತ್ತಾ?

ಹೆಂಚಿನಮನೆ
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಒಳಾಂಗಣದ ಕೆಲಸ ಮಾಡ್ತೀನಿ. ತೀರ್ಥಹಳ್ಳಿ ಕಡೆ ಒಂದು ಹಳೇ ತೊಟ್ಟಿಮನೆ ರಿಪೇರಿ ಮಾಡಿಸಿ ಹೋಂಸ್ಟೇ ಮಾಡ್ತಿದ್ದಾರೆ. ಮನೆಯ ಮಗನಿಗೆ ಜಗಲಿಗೊಂದು ಬೆಂಚು, ಒಳಗೊಂದು ಟೀಪಾಯಿ ಬೇಕಂತೆ, ಎರಡೂ ರೆಸಿನ್‌ದು, ಅಂದ್ರೆ ದ್ರವವಾಗಿ ಅಚ್ಚಿಗೆ ಹೊಯ್ದು ಗಟ್ಟಿ ಮಾಡೋ ಪ್ಲಾಸ್ಟಿಕ್‌ದು. ಮರದ ಹಲಗೆ ನಡುವೆ ನೀಲಿ ಹೊಳೆ ಹರಿಸ್ತಾರಲ್ಲ, ಆ ರಿವರ್ ಟೇಬಲ್ ಅಲ್ಲ. ಮರವೇ ಇಲ್ಲದ್ದು, ಪೂರ್ತಿ ಅರೆಪಾರದರ್ಶಕ. ಬೆಳಕು ಒಳಗೆ ಹೊಕ್ಕು ಅಲ್ಲೇ ಮಂದವಾಗಿ ನಿಲ್ಲಬೇಕು, ಆಚೆ ಬದಿ ಕಾಣಬಾರದು. ಸಬೀನ್ ಮಾರ್ಸೆಲಿಸ್ ಅನ್ನೋ ವಿನ್ಯಾಸಕಿಯ ಕ್ಯಾಂಡಿ ಕ್ಯೂಬ್ ಅನ್ನೋ ರೆಸಿನ್ ಪೀಠ ನೋಡಿದವರಿಗೆ ಅಂದಾಜಾಗುತ್ತೆ.

ಆಕಾರ ಆಧುನಿಕ ಕಟ್ಟಡದ್ದು. ನಿಂತ ಎರಡು ಗೋಡೆ, ಮೇಲೊಂದು ಚಪ್ಪಡಿ, ಚಪ್ಪಡಿಯ ಒಂದು ತುದಿ ಗೋಡೆ ದಾಟಿ ಹೊರಗೆ ಚಾಚಿರಬೇಕು. ಮೀಸ್ ವಾನ್ ಡೆರ್ ರೋಹೆ ಅನ್ನೋ ವಾಸ್ತುಶಿಲ್ಪಿಯ ಬಾರ್ಸಿಲೋನಾ ಪೆವಿಲಿಯನ್ ಕಟ್ಟಡದ ಫೋಟೋ ತೋರಿಸಿ "ಇದರ ಮೇಲೆ ಕೂತ್ಕೊಳ್ಳೋ ಹಂಗೆ ಮಾಡಿಕೊಡಿ" ಅಂತಾರೆ. ಚಪ್ಪಡಿ 150 ಸೆಂ.ಮೀ ಉದ್ದ, 40 ಅಗಲ, 5 ದಪ್ಪ. ಗೋಡೆಗಳು 40ಕ್ಕೆ 40, ಅವೂ 5 ದಪ್ಪ.

ನಮ್ಮ ಮಳೆಗೆ, ಶೀತಕ್ಕೆ ಇದು ತಡೆಯುತ್ತಾ? ಊರಲ್ಲೇ ಎರಕ ಹೊಯ್ಯೋರು ಇದ್ದಾರಾ, ಇಲ್ಲಾ ಬೆಂಗಳೂರಿಂದಲೇ ತರಿಸಬೇಕಾ? ಬಣ್ಣ ಯಾವುದು ಅಂತ ಇನ್ನೂ ಜಗಳ ನಡೀತಿದೆ.

ರಿಪ್ಪನ್‌ಪೇಟೆ ರಾಯ
ಬೀಟೆ, ತೇಗ, ಹಲಸು ಬೆಳೆಯೋ ಊರಲ್ಲಿ ಪ್ಲಾಸ್ಟಿಕ್ ಬೆಂಚು. ಆಯ್ತು, ಮುಂದುವರಿಸಿ.

ಅಡಿಕೆ ಸಿಪ್ಪೆ
ರಾಯರು ಬಂದ್ರು, ಚರ್ಚೆ ಶುರುವಾಯ್ತು 😄

ಫೈಬರ್ ಅಣ್ಣ
ನಾನು ಆಟೋ ಕಾಂಪ್ಲೆಕ್ಸ್ ಹತ್ರ ಫೈಬರ್ ಕೆಲಸ ಮಾಡೋನು. ಬಾತ್‌ರೂಮ್ ಬಾಗಿಲು, ಬಸ್ ಬಾಡಿ ಪೀಸು, ದಸರಾ ಟೈಮಲ್ಲಿ ಸ್ತಬ್ಧಚಿತ್ರದ ಬೊಂಬೆ. ನಾವು ದಿನಾ ಬಳಸೋದು ಪಾಲಿಯೆಸ್ಟರ್ ರೆಸಿನ್. ಅಗ್ಗ, ಬೇಗ ಗಟ್ಟಿ ಆಗುತ್ತೆ, ಆದ್ರೆ ವಾಸನೆಗೆ ಅಕ್ಕಪಕ್ಕದೋರು ಜಗಳಕ್ಕೆ ಬರ್ತಾರೆ. ಗಟ್ಟಿ ಆಗುವಾಗ ಕುಗ್ಗೋದೂ ಜಾಸ್ತಿ, ಶೇ 5ರ ಮೇಲೇ. ಗಾಜಿನ ನಾರಿನ ಮ್ಯಾಟ್ ಹಾಕಿ ತೆಳುವಾಗಿ ಎಳೆದ್ರೆ ಏನೂ ಆಗಲ್ಲ. 5 ಸೆಂ.ಮೀ ದಪ್ಪಕ್ಕೆ ಒಂದೇ ಸಲ ಹೊಯ್ದ್ರೆ ನಡುವಿಂದ ಸೀಳುತ್ತೆ. ಪಾಲಿಯೆಸ್ಟರಲ್ಲೂ ಚೆಂದ ಮಾಡೋರು ಇದ್ದಾರೆ, ಅವರ ಪಳಗಿದ ಕೈ ಬೇರೆ.

ನಿಮಗೆ ಬೇಕಾಗಿರೋದು ಎಪಾಕ್ಸಿ ಅನ್ನೋ ಇನ್ನೊಂದು ರೆಸಿನ್, ಅದರಲ್ಲೂ ದಪ್ಪ ಎರಕದ್ದು. ಅಂಗಡೀಲಿ ಟೇಬಲ್ ಟಾಪ್ ಅಂತ ಕೊಡ್ತಾರಲ್ಲ, ಅದು ಮೇಲೆ ಒಂದು ಕೋಟ್ ಕೊಡೋಕೆ. ಅದನ್ನ ಅಚ್ಚಿಗೆ ತುಂಬಿದ್ರೆ ಬಿಸಿಯಾಗಿ ಹೊಗೆ ಬರುತ್ತೆ. ನಮ್ಮ ಪಕ್ಕದ ಶೆಡ್ಡಲ್ಲಿ ಒಬ್ಬ ಹುಡುಗ ಬಕೆಟಲ್ಲಿ ಕಲಸಿಟ್ಟು ಟೀ ಕುಡಿಯೋಕೆ ಹೋಗಿದ್ದ. ವಾಪಸ್ ಬರೋದ್ರೊಳಗೆ ಬಕೆಟ್ ತಳ ಕರಗಿ ನೆಲಕ್ಕೆ ಅಂಟಿತ್ತು. ರೆಸಿನ್ನೂ ಅದನ್ನ ಗಟ್ಟಿ ಮಾಡೋ ಹಾರ್ಡನರೂ ಸೇರಿದ ಮೇಲೆ ತಾನೇ ಕಾವು ಬರೋದು. ಒಂದೇ ಕಡೆ ಜಾಸ್ತಿ ಇದ್ದಷ್ಟೂ ಕಾವು ಜಾಸ್ತಿ.

ಲೆಕ್ಕದ ಮೇಷ್ಟ್ರು
ಮೊದಲು ತೂಕ ನೋಡೋಣ. 150 × 40 × 5 ಅಂದರೆ 30 ಲೀಟರು. ಗೋಡೆ ಒಂದೊಂದು 8 ಲೀಟರಿನಂತೆ 16. ಒಟ್ಟು 46 ಲೀಟರು. ಎಪಾಕ್ಸಿಯ ಸಾಂದ್ರತೆ ನೀರಿಗಿಂತ ತುಸು ಹೆಚ್ಚು, ಸುಮಾರು 1.1. ಹಾಗಾಗಿ ಹತ್ತಿರ ಹತ್ತಿರ 50 ಕೆಜಿ. ಕೆಜಿಗೆ 700 ರೂಪಾಯಿ ಹಿಡಿದರೂ 35,000 ಬರೀ ರೆಸಿನ್ನಿಗೆ. ಅಚ್ಚು, ಕೂಲಿ, ಪಾಲಿಶ್ ಬೇರೆ.

ದುಡ್ಡಿಗಿಂತ ದೊಡ್ಡ ತೊಡಕು ಇನ್ನೊಂದಿದೆ. ಬಾರ್ಸಿಲೋನಾದ ಚಾವಣಿ ಹೊರಚಾಚಿ ನಿಂತಿರೋದು ಉಕ್ಕಿನ ಕಂಬ, ಒಳಗಿನ ಉಕ್ಕಿನ ಬಲದಿಂದ. ನಮ್ಮನೆ ಸಜ್ಜಾ ನಿಲ್ಲೋದೂ ಒಳಗಿನ ಸರಳಿನಿಂದ. ನಿಮ್ಮ ರೆಸಿನ್ ಚಪ್ಪಡಿಯೊಳಗೆ ಏನಿದೆ? ಎಪಾಕ್ಸಿಯ ಬಿಗಿ, ಅಂದರೆ ಬಾಗದೆ ನಿಲ್ಲುವ ಗುಣ, ಸುಮಾರು 3 ಗಿಗಾಪಾಸ್ಕಲ್. ತೇಗ ಅದರ ಮೂರ್ನಾಲ್ಕು ಪಟ್ಟು, ಉಕ್ಕು 200. ಅದೂ ಕೋಣೆಯ ಉಷ್ಣತೆಯಲ್ಲೇ ಗಟ್ಟಿಯಾಗುವ ಎಪಾಕ್ಸಿಗಳು 50 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗಲು ಶುರು. ಏಪ್ರಿಲಿನಲ್ಲಿ ಬಿಸಿಲು ಬೀಳುವ ಜಾಗದಲ್ಲಿ ಗಾಢ ಬಣ್ಣದ ಚಪ್ಪಡಿ ಅಷ್ಟು ಬಿಸಿಯಾಗುವುದು ಕಷ್ಟವೇನಲ್ಲ. ಮೂರು ಜನ ಕೂತೆದ್ದರೆ ಅವತ್ತೇ ಮುರಿಯುವುದಿಲ್ಲ. ಒಂದೆರಡು ಬೇಸಿಗೆ ಕಳೆಯುವುದರೊಳಗೆ ನಡುವೆ ಬಾಗಿರುತ್ತದೆ.

ಹೆಂಚಿನಮನೆ
@ಲೆಕ್ಕದ ಮೇಷ್ಟ್ರು ಸರ್, ಒಳಗೆ ಉಕ್ಕಿನ ಪಟ್ಟಿ ಹಾಕಿದ್ರೆ?

ಲೆಕ್ಕದ ಮೇಷ್ಟ್ರು
ಹಾಕಬಹುದು. ಬೆಳಕು ಬಿದ್ದ ಕೂಡಲೇ ಅದರ ನೆರಳು ಎದ್ದು ಕಾಣುತ್ತದೆ. ಬಿಸಿಲಿಗೆ ರೆಸಿನ್ ಹಿಗ್ಗುವಷ್ಟು ಉಕ್ಕು ಹಿಗ್ಗುವುದಿಲ್ಲ, ಅಂಟು ಬಿಟ್ಟ ಕಡೆ ಬೆಳ್ಳಿಗೆರೆ ಮೂಡುತ್ತದೆ. ಅಷ್ಟೆಲ್ಲ ಮಾಡುವ ಬದಲು ಚಪ್ಪಡಿಯನ್ನೇ ಬೇರೆ ವಸ್ತುವಿನಲ್ಲಿ ಮಾಡಿ.

ಬೆಂಗಳೂರಿಗೆ ಹೋದವ
ಮೇಷ್ಟ್ರು ಹೇಳಿದ್ದಕ್ಕೆ ಒಂದು ತಮಾಷೆ ಉದಾಹರಣೆ ಇದೆ. ಗೇಟಾನೋ ಪೆಷೆ ಅಂತ ಇಟಲಿಯ ವಾಸ್ತುಶಿಲ್ಪಿ, 2024ರಲ್ಲಿ ತೀರಿಕೊಂಡರು. 1984ರಲ್ಲಿ ಪ್ರಾಟ್ ಕುರ್ಚಿ ಅಂತ ಒಂದು ಸರಣಿ ಮಾಡಿದ್ದರು. ಅಚ್ಚು ಒಂದೇ, ಕುರ್ಚಿ ಒಂಬತ್ತು, ಒಂದಕ್ಕಿಂತ ಒಂದಕ್ಕೆ ರೆಸಿನ್ ಗಡಸು ಜಾಸ್ತಿ. ಮೊದಲನೇದು ನಿಲ್ಲೋಕೇ ಆಗದೆ ಮುದ್ದೆಯಾಗಿ ಬೀಳುತ್ತೆ. ನಡುವಿನವು ಕೂತರೆ ಓಲಾಡ್ತವೆ. ಕೊನೇದು ಗಟ್ಟಿ, ಆದ್ರೆ ಕೂರೋಕೆ ಹಿತ ಇಲ್ಲ. ಎಲ್ಲ ಕಡೆ ಒಂದೇ ಥರದ ಡಬ್ಬಿ ಕಟ್ಟಡ ಕಟ್ಟೋ ಆಧುನಿಕರ ಮೇಲೆ ಅವರಿಗೆ ಮೊದಲಿಂದಲೂ ಸಿಟ್ಟು. ಅದಕ್ಕೇ ರೆಸಿನ್ ಹಿಡಿದಿದ್ದು, ಪ್ರತಿ ಎರಕವೂ ಬೇರೆ ಬರುತ್ತೆ ಅಂತ. ನಿಮ್ಮ ಹೋಂಸ್ಟೇಯವರು ಅದೇ ರೆಸಿನ್ನಲ್ಲಿ ಮೀಸ್ ವಾನ್ ಡೆರ್ ರೋಹೆಯ ನೆಟ್ಟಗಿನ ಗೆರೆ ಕೇಳ್ತಿದ್ದಾರೆ. ಕೇಳಲಿ, ತಪ್ಪಿಲ್ಲ.

ಬೂಷ್ಟು ಬಂದ ಬೂಟು
ಅರೆಪಾರದರ್ಶಕ ಕುರ್ಚಿ ಅಂದ್ರೆ ಮದುವೆ ಛತ್ರದಲ್ಲಿ ಗಾಜಿನ ಥರ ಇರುತ್ತಲ್ಲ ಅದೇ ಅಲ್ವಾ? ಅದು ಸಾವಿರಗಟ್ಟಲೆ ಸಿಗುತ್ತೆ, ಇದಕ್ಯಾಕೆ 35,000?

ಬೆಂಗಳೂರಿಗೆ ಹೋದವ
ಅದು ಪಾಲಿಕಾರ್ಬೊನೇಟ್. ಫಿಲಿಪ್ ಸ್ಟಾರ್ಕ್ ಅನ್ನೋ ವಿನ್ಯಾಸಕ 2002ರಲ್ಲಿ ಕಾರ್ಟೆಲ್ ಕಂಪನಿಗೆ ಮಾಡಿದ ಲೂಯಿ ಘೋಸ್ಟ್ ಕುರ್ಚಿ, ಛತ್ರದಲ್ಲಿರೋದು ಅದರ ನಕಲು ಇರಬಹುದು. ಕಾರ್ಖಾನೇಲಿ ಕರಗಿಸಿ ಅಚ್ಚಿಗೆ ಒತ್ತೋದು. ಕೈಯಲ್ಲಿ ಕಲಸಿ ಹೊಯ್ಯೋ ಎಪಾಕ್ಸಿಗೂ ಅದಕ್ಕೂ ಸಂಬಂಧ ಇಲ್ಲ.

ಕೊಪ್ಪದ ಅಕ್ಕ
ನಮ್ಮಲ್ಲಿ ರೆಸಿನ್ನಿನ ಸಣ್ಣ ಟೀಪಾಯಿ ಉಂಟು, ಗೃಹಪ್ರವೇಶಕ್ಕೆ ಯಾರೋ ಕೊಟ್ಟದ್ದು. ಮಳೆಗೆ ಎಂತದೂ ಆಗಲಿಲ್ಲ. ಆಷಾಢದಲ್ಲಿ ಚಪ್ಪಲಿಯಿಂದ ದೇವರ ಪಟದವರೆಗೆ ಬೂಷ್ಟು ಹಿಡಿಯುವ ಮನೆ ನಮ್ಮದು. ಇದರ ಮೇಲೆ ಸ್ವಲ್ಪ ಬಂದ್ರೂ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಯ್ತು. ಒರಲೆ ಹಿಡಿಯಲ್ಲ, ಕುಟ್ಟೆ ಹುಳ ಬರಲ್ಲ, ಆ ಮಟ್ಟಿಗೆ ನೆಮ್ಮದಿ.

ಆದ್ರೆ ನಮ್ಮವರಿಗೆ ಬಿಸಿ ಕಾಫಿ ಲೋಟ ನೇರ ಅದರ ಮೇಲೇ ಇಡಬೇಕು. ಉಂಗುರದ ಗುರುತು ಬಿತ್ತು, ಮುಟ್ಟಿದರೆ ಕೈಗೆ ತಗ್ಗು ಸಿಗುತ್ತದೆ. ಮತ್ತೆ ಕಿಟಕಿ ಬದಿ ಇಟ್ಟದ್ದಲ್ವಾ, ಬಂದಾಗ ತಿಳಿನೀಲಿ ಇತ್ತು, ಈಗ ಪಾಚಿ ಹಸಿರು. ಬಂದವರು ಚಂದ ಹಸಿರು ಅಂತಾರೆ, ನಾನು ಸುಮ್ಮನಿರ್ತೇನೆ.

ಫೈಬರ್ ಅಣ್ಣ
ಅಕ್ಕ ಹೇಳಿದ್ದು ಖರೆ. ಎಪಾಕ್ಸಿ ಬಿಸಿಲಿಗೆ ಹಳದಿ ಆಗೇ ಆಗುತ್ತೆ, ನೀಲಿಗೆ ಹಳದಿ ಸೇರಿದ್ರೆ ಹಸಿರು. ಬಿಸಿಲಿನ ಹೊಡೆತ ತಡೆಯೋ ಯುವಿ ಸ್ಟೆಬಿಲೈಸರ್ ಹಾಕಿರೋದು ಅಂತ ಕೊಡ್ತಾರೆ, ಅದು ನಿಧಾನ ಮಾಡುತ್ತೆ, ನಿಲ್ಲಿಸಲ್ಲ. ಅರಾಲ್ಡೈಟ್ ಹಾಕಿ ಅಂಟಿಸಿದ ಪಿಂಗಾಣಿ ನೋಡಿ, ಬಿರುಕಿನ ಗೆರೆ ಹಳದಿ ಇರುತ್ತೆ. ಅದೂ ಎಪಾಕ್ಸಿನೇ.

ಅದಕ್ಕೆ ಮೊದಲೇ ಜೋನಿಬೆಲ್ಲದ ಬಣ್ಣ ಹಾಕ್ಬಿಡಿ. ಹಳದಿ ತಿರುಗಿದ್ರೂ ಯಾರಿಗೂ ಗೊತ್ತಾಗಲ್ಲ. ಹೊಗೆ ಬಣ್ಣ ಆದ್ರೂ ನಡೆಯುತ್ತೆ. ನೀಲಿ, ಬಿಳಿ, ತಿಳಿ ಗುಲಾಬಿ ಬೇಡ.

ಹೆಂಚಿನಮನೆ
ಇದು ಉಪಯೋಗದ ಮಾತು ಅಣ್ಣ. ಅವರು ಕೇಳ್ತಿರೋದು ತಿಳಿ ಗುಲಾಬಿ 🤦‍♀️

ರಿಪ್ಪನ್‌ಪೇಟೆ ರಾಯ
ಬಿಸಿಲಿಗೆ ಆಗಲ್ಲ, ಬಿಸಿ ಲೋಟಕ್ಕೆ ಆಗಲ್ಲ, ಮೂರು ಜನ ಕೂರೋಕಾಗಲ್ಲ. ಇದು ಬೆಂಚೋ, ಮನೆ ಅಳಿಯನೋ?

ಅಡಿಕೆ ಸಿಪ್ಪೆ
🤣🤣 ರಾಯರೇ ಇವತ್ತು ಫಾರ್ಮಲ್ಲಿದ್ದೀರ

ಮಳೆಕಾಡು
ಮಳೆಗಾಲದ ಬಗ್ಗೆ ಯಾರೂ ಸರಿಯಾಗಿ ಬರೆದಿಲ್ಲ. ನಾನು ಓದಿದ್ದು ಪಾಲಿಮರ್ ರಸಾಯನಶಾಸ್ತ್ರ, ಈಗ ತೋಟ. ಗಟ್ಟಿಯಾದ ಎಪಾಕ್ಸಿಗೆ ತೇವದ ಭಯ ಕಡಿಮೆ, ಕೊಪ್ಪದ ಅಕ್ಕನ ಟೀಪಾಯಿಯೇ ಸಾಕ್ಷಿ. ಅಪಾಯ ಇರೋದು ಗಟ್ಟಿಯಾಗ್ತಿರೋ ಹೊತ್ತಲ್ಲಿ. ಹಾರ್ಡನರ್ ಅನ್ನೋದು ಅಮೈನ್ ಅನ್ನೋ ಜಾತಿಯ ರಾಸಾಯನಿಕ. ಗಾಳಿಯ ತೇವ, ಇಂಗಾಲದ ಡೈಆಕ್ಸೈಡ್ ಎರಡರ ಜೊತೆ ಅದು ಸೇರಿ ಮೇಲ್ಮೈಗೆ ಮೇಣದಂಥ ಜಿಡ್ಡು ಬರುತ್ತೆ, ಹೊಳಪು ಸತ್ತು ಮಂಕಾಗುತ್ತೆ. ಅದನ್ನ ತೊಳೆಯದೆ ಮೇಲೆ ಇನ್ನೊಂದು ಪದರ ಹೊಯ್ದರೆ ಎರಡೂ ಕಚ್ಚಿಕೊಳ್ಳಲ್ಲ. ಉಗುರುಬೆಚ್ಚಗಿನ ನೀರು, ಸೋಪು ಹಾಕಿ ತೊಳೆದು, ಒಣಗಿಸಿ, ಆಮೇಲೆ ಉಜ್ಜಬೇಕು. ಉಜ್ಜಿ ಆಮೇಲೆ ತೊಳೆದರೆ ಜಿಡ್ಡನ್ನ ಒಳಗೆ ತಿಕ್ಕಿದಂತೆಯೇ.

ವರ್ಷಕ್ಕೆ 7,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳೋ ಆಗುಂಬೆ ಪಕ್ಕದಲ್ಲಿ ಜುಲೈ ತಿಂಗಳಲ್ಲಿ ಎರಕ ಹೊಯ್ಯೋಕೆ ಹೋಗಬೇಡಿ. ಶಿವಮೊಗ್ಗ ಪೇಟೆಯ ಹವಾ ಎಷ್ಟೋ ಒಣ, ಅಲ್ಲೇ ಮಾಡಿ ಸಾಗಿಸಿ. ಡಿಸೆಂಬರ್ ಚಳಿಯಲ್ಲಿ ರೆಸಿನ್ ದಪ್ಪಗಾಗಿ ಗುಳ್ಳೆ ಮೇಲೆ ಬರಲ್ಲ. ಡಬ್ಬಿಯನ್ನ ಬಿಸಿನೀರಿನ ಬಕೆಟಲ್ಲಿ ಸ್ವಲ್ಪ ಹೊತ್ತು ಇಟ್ಟರೆ ತೆಳುವಾಗುತ್ತೆ. ಪಾಲಿಯುರೆಥೇನ್ ಅನ್ನೋ ಇನ್ನೊಂದು ಬಗೆಯ ರೆಸಿನ್ ಎರಕ ಅಂತ ಯಾರಾದರೂ ಹೇಳಿದರೆ ನಮ್ಮ ಕಡೆಗೆ ಬೇಡವೇ ಬೇಡ, ಅದಕ್ಕೆ ತೇವ ತಾಗಿದರೆ ಅನಿಲ ಹುಟ್ಟಿ ನೊರೆ ಏಳುತ್ತೆ.

ಇನ್ನೊಂದು ವಿಷಯ, ಕೇಳಿದ್ದಕ್ಕೆ ನೇರ ಸಂಬಂಧ ಇಲ್ಲ. ಗೇರುಬೀಜದ ಸಿಪ್ಪೆ ಎಣ್ಣೆಯಿಂದ ಫೀನಾಲ್ಕಮೈನ್ ಅನ್ನೋ ಹಾರ್ಡನರ್ ಮಾಡ್ತಾರೆ. ತೇವ, ಚಳಿ ಎರಡನ್ನೂ ಚೆನ್ನಾಗಿ ತಡೆಯುತ್ತೆ, ಹಡಗಿಗೆ ಬಳಿಯೋ ಬಣ್ಣಕ್ಕೂ ಅದನ್ನ ಹಾಕ್ತಾರೆ. ಕರಾವಳಿಯಿಂದ ಘಟ್ಟದವರೆಗೆ ಗೇರು ಬೆಳೆಯೋ ನಮಗೆ ಹೇಳಿ ಮಾಡಿಸಿದ ಸಾಮಾನು. ಆದ್ರೆ ಅದರದ್ದೇ ಕೆಂಗಂದು ಬಣ್ಣ, ಪಾರದರ್ಶಕ ಕೆಲಸಕ್ಕೆ ಬರಲ್ಲ.

ರಿಪ್ಪನ್‌ಪೇಟೆ ರಾಯ
ಇಂಥ ಮಾಹಿತಿ ಕೊಡಿ ಮಾರಾಯ್ರೆ, ಓದೋಕೆ ಖುಷಿ. ಆದ್ರೂ ನನ್ನ ಪ್ರಶ್ನೆ ಹಂಗೇ ಉಳೀತು. ಇದು ಹಾಳಾದ ಮೇಲೆ ಏನು ಮಾಡ್ತೀರಿ? ಮರದ ಬೆಂಚು ಮುರಿದ್ರೆ ಬಚ್ಚಲ ಒಲೆಗಾದ್ರೂ ಆಗುತ್ತೆ.

ಮಳೆಕಾಡು
ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ ರಾಯರೆ, ನೀವು ಕೇಳ್ತಿರೋದು ಸರಿಯೇ. ಒಮ್ಮೆ ಗಟ್ಟಿಯಾದ ಎಪಾಕ್ಸಿ ಮತ್ತೆ ಕರಗಲ್ಲ. ಬಕೆಟ್, ಬಿಂದಿಗೆ ಥರ ಗುಜರಿಗೆ ಹಾಕಿ ಇನ್ನೊಂದು ಮಾಡೋಕಾಗಲ್ಲ. ಸುಟ್ಟರೆ ಕೆಟ್ಟ ಹೊಗೆ. ಗೀರು ಬಿದ್ದರೆ ಉಜ್ಜಿ ಹೊಸದು ಮಾಡಬಹುದು, ಬಾಗಿದ್ದನ್ನ ಕೊಯ್ದು ಸಣ್ಣ ಪೀಠ ಮಾಡಬಹುದು, ಅಷ್ಟೇ. ಹಾಗಾಗಿ ಕಮ್ಮಿ ಬಳಸಿ, ಬಹುಕಾಲ ಬಾಳೋ ಹಂಗೆ ಮಾಡಿ ಅನ್ನೋದು ನನ್ನ ಮಾತು.

ಚರ್ಮದ ಡಾಕ್ಟ್ರು
ಮಾಡುವವರ ಕೈ ಬಗ್ಗೆ ಯಾರೂ ಹೇಳಲಿಲ್ಲ. ಹಸಿ ಎಪಾಕ್ಸಿ, ಅದರ ಹಾರ್ಡನರ್ ಚರ್ಮಕ್ಕೆ ಮತ್ತೆ ಮತ್ತೆ ತಾಗಿದರೆ ಅಲರ್ಜಿ ಹುಟ್ಟಬಹುದು. ಒಮ್ಮೆ ಹುಟ್ಟಿದರೆ ಸಾಮಾನ್ಯವಾಗಿ ಜೀವಮಾನವಿಡೀ ಇರುತ್ತದೆ, ಆಮೇಲೆ ಸ್ವಲ್ಪ ತಾಗಿದರೂ ತುರಿಕೆ, ನೀರುಗುಳ್ಳೆ. ನೈಟ್ರೈಲ್ ಕೈಗವಸು ಹಾಕಿ. ಕೈಗೆ ಅಂಟಿದ್ದನ್ನು ಥಿನ್ನರಿನಲ್ಲಿ ಒರೆಸಬೇಡಿ, ಅದು ಇನ್ನೂ ಒಳಗಿಳಿಸುತ್ತದೆ. ಸೋಪು, ನೀರು ಸಾಕು. ಉಜ್ಜುವಾಗ ದೂಳಿಗೆ ಬಟ್ಟೆ ಕಟ್ಟಿಕೊಂಡರೆ ಸಾಲದು, ಸರಿಯಾದ ಮಾಸ್ಕ್ ಬೇಕು.

ಫೈಬರ್ ಅಣ್ಣ
ಡಾಕ್ಟ್ರೇ, ನಮ್ಮ ಹುಡುಗ್ರು ಥಿನ್ನರಲ್ಲೇ ಕೈ ತೊಳೆಯೋದು. ನಾಳೆ ಹೇಳ್ತೀನಿ. ಕೇಳ್ತಾರೋ ಇಲ್ವೋ.

ತುಂಗೆಯ ದಂಡೆ
ನಾನೊಂದು ಬೇರೆ ಮಾತು ಹೇಳ್ಲಾ? ಇಷ್ಟು ಹೊತ್ತು ಎಲ್ಲರೂ ಬಿಸಿಲು ಜಾಸ್ತಿ ಅಂತ ಹೆದರ್ತಿದ್ದೀರಿ. ತೊಟ್ಟಿಮನೆ ಜಗಲೀಲಿ ಕೂತು ನೋಡಿದವರು ಯಾರಾದ್ರೂ ಇದ್ದೀರಾ? ಸೂರು ಎದೆಮಟ್ಟಕ್ಕೆ ಇಳಿದಿರುತ್ತೆ. ಮಳೆ ಒಳಗೆ ಬೀಸಬಾರದು ಅಂತ ಹಂಗೆ ಕಟ್ಟಿದ್ದು. ನೆಲ ಕಾವಿಯದ್ದು ಇಲ್ಲಾ ಕಪ್ಪು ಗಾರೆದು. ಕಂಬ, ಮುಚ್ಚಿಗೆ ಎಲ್ಲ ಕಪ್ಪುಗಟ್ಟಿದ ಮರ. ಮಧ್ಯಾಹ್ನ 12 ಗಂಟೆಗೂ ಅಲ್ಲಿ ಮಬ್ಬು. ಅರೆಪಾರದರ್ಶಕ ಸಾಮಾನಿಗೆ ಹಿಂದಿಂದ ಬೆಳಕು ಬರದೆ ಇದ್ರೆ ಅದು ಎಷ್ಟೇ ದುಡ್ಡು ಸುರಿದಿದ್ರೂ ಮಂಕು ಡಬ್ಬಿ.

ಗಾಜಿನ ಗೋಡೆ ಮುಂದೆ, ಬಿಳೀ ನೆಲದ ಮೇಲೆ ಇಟ್ಟು ತೆಗೆದ ಫೋಟೋ ನೋಡಿ ಅವರು ಆಸೆ ಪಟ್ಟಿದ್ದಾರೆ.

ಬೆಂಗಳೂರಿಗೆ ಹೋದವ
ಇಡೀ ಚರ್ಚೆಯಲ್ಲಿ ಇದೇ ಮುಖ್ಯ ಮಾತು. ಬಾರ್ಸಿಲೋನಾ ಪೆವಿಲಿಯನ್ ಅಂದ ಕೂಡಲೇ ಎಲ್ಲರೂ ಚಾವಣಿ ಚಪ್ಪಡಿ ನೋಡ್ತಾರೆ. 1929ರ ಪ್ರದರ್ಶನಕ್ಕೆ ಕಟ್ಟಿ, ಮುಂದಿನ ವರ್ಷ ಬಿಚ್ಚಿ, 1986ರಲ್ಲಿ ಅದೇ ಜಾಗದಲ್ಲಿ ಮತ್ತೆ ಕಟ್ಟಿ ಮುಗಿಸಿದ ಕಟ್ಟಡ ಅದು. ಅದರೊಳಗೆ ಹಾಲುಬಣ್ಣದ ಎರಡು ಗಾಜಿನ ನಡುವೆ ಬೆಳಕು ಬರೋ ಹಂಗೆ ಮಾಡಿದ ಒಂದು ಗೋಡೆ ಇದೆ. ನಿಮ್ಮವರಿಗೆ ಬೇಕಾಗಿರೋದು ಆ ಗೋಡೆ. ಚಪ್ಪಡಿಯನ್ನ ಹಿಡ್ಕೊಂಡು ಕೂತಿದ್ದಾರೆ.

ಪ್ಯಾರಿಸಿನ ಮೇಜೋಂ ದ ವೇರ್, ಅಂದ್ರೆ ಗಾಜಿನ ಮನೆ, ಅದನ್ನೂ ತೋರಿಸಿ. ಪಿಯೆರ್ ಶಾರೋ 1932ರಲ್ಲಿ ಮುಗಿಸಿದ್ದು. ಮುಂಭಾಗ ಹೆಚ್ಚುಕಮ್ಮಿ ಪೂರ್ತಿ ಗಾಜಿನ ಇಟ್ಟಿಗೆ. ಒಳಗಿನೋರು ಹೊರಗೆ ಕಾಣಲ್ಲ, ಬೆಳಕು ಮಾತ್ರ ಒಳಗೆ ಬರುತ್ತೆ. ಮೇಲಿನ ಅಂತಸ್ತಿನಲ್ಲಿದ್ದ ಮುದುಕಿ ಮನೆ ಬಿಡಲ್ಲ ಅಂದಳು. ಅವಳ ಮನೆಯನ್ನ ಹಾಗೇ ಮೇಲೆ ನಿಲ್ಲಿಸಿ ಕೆಳಗಿನದ್ದಷ್ಟೇ ತೆಗೆದು ಹೊಸದು ಕಟ್ಟಿದರು. ಹಳೇ ಮನೆ ರಿಪೇರಿ ಮಾಡಿಸೋರಿಗೆ ಈ ಕತೆ ಹಿಡಿಸುತ್ತೆ.

ಬೂಷ್ಟು ಬಂದ ಬೂಟು
ನಮ್ಮನೇಲೂ ಅಜ್ಜಿ ಬಿಡಲ್ಲ ಅಂದ್ರು. ಅಪ್ಪ ಕೆಳಗೆ ಹೊಸದೇನೂ ಕಟ್ಟಲಿಲ್ಲ, ಸೋಗೆ ತೆಗೆದು ಶೀಟ್ ಹಾಕಿದ್ರು ಅಷ್ಟೇ.

ಅಡಿಕೆ ಸಿಪ್ಪೆ
ಆಧುನಿಕ ವಾಸ್ತುಶಿಲ್ಪ ಅಂತ ಬಾರ್ಸಿಲೋನಾ, ಪ್ಯಾರಿಸ್ ಯಾಕೆ? ಸೋಗಾನೆಯಲ್ಲಿ ನಮ್ಮದೇ ಕಮಲದಾಕಾರದ ಏರ್‌ಪೋರ್ಟ್ ಇದೆ, 2023ರಲ್ಲಿ ಉದ್ಘಾಟನೆ ಆಯ್ತು. ಕಮಲದಾಕಾರದ ರೆಸಿನ್ ಬೆಂಚು ಮಾಡಿ.

ತುಂಗೆಯ ದಂಡೆ
ಅದನ್ನಿಲ್ಲಿ ಎಳೀಬೇಡ ಮಾರಾಯ, ಸಂಜೆಯೊಳಗೆ ಪಾರ್ಟಿ ಜಗಳ ಶುರುವಾಗುತ್ತೆ.

ನಿರ್ವಾಹಕ
ಹೌದು, ದಯವಿಟ್ಟು ಬೆಂಚಿಗೆ ಬನ್ನಿ.

ಬೆಂಗಳೂರಿಗೆ ಹೋದವ
ಹತ್ತಿರದ್ದೇ ಬೇಕಂದ್ರೆ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿ ಮಾಡಿದ ಬೆಂಗಳೂರಿನ ಐಐಎಂ ನೋಡಿ. ಬೂದು ಕಲ್ಲಿನ ಗೋಡೆ, ಉದ್ದದ ಓಣಿ, ಮೇಲಿನ ತೊಲೆಗಳ ಸಂದಿಯಿಂದ ಬೆಳಕು ಪಟ್ಟಿ ಪಟ್ಟಿಯಾಗಿ ಇಳಿಯುತ್ತೆ. 2018ರಲ್ಲಿ ವಾಸ್ತುಶಿಲ್ಪದ ದೊಡ್ಡ ಪ್ರಶಸ್ತಿ ಪ್ರಿಟ್ಜ್‌ಕರ್ ಬಂತಲ್ಲ, ಅವರೇ. ತೊಟ್ಟಿಮನೆಗೂ ಬೆಳಕು ಮೇಲಿಂದಲೇ ಇಳಿಯೋದು.

ಗಾಜಿನ ಮನೆ ಹುಚ್ಚು ಇದ್ದವರಿಗೆ ಮೀಸ್ ಅಮೆರಿಕದಲ್ಲಿ ಕಟ್ಟಿದ ಫಾರ್ನ್ಸ್‌ವರ್ತ್ ಮನೆ ಕತೆಯನ್ನೂ ಹೇಳಬೇಕು. 1951ರಲ್ಲಿ ಮುಗಿದದ್ದು, ಹೊಳೆ ದಂಡೆ. ಪ್ರವಾಹ ಬರುತ್ತೆ ಅಂತಲೇ ನೆಲದಿಂದ 5 ಅಡಿ ಎತ್ತರಿಸಿದ್ದರು. 1954ರಲ್ಲೇ ನೀರು ಒಳಗೆ ನುಗ್ಗಿತು. 1996ರಲ್ಲಿ, 2008ರಲ್ಲಿ ಮತ್ತೆ.

ರಿಪ್ಪನ್‌ಪೇಟೆ ರಾಯ
ಹೊಳೆ ದಂಡೇಲಿ ಮನೆ ಕಟ್ಟೋವಾಗ ಊರಿನ ಮುದುಕರನ್ನ ಕೇಳಬೇಕು. ಅದು ಅಮೆರಿಕ ಆದ್ರೂ ಅಷ್ಟೇ, ತೀರ್ಥಹಳ್ಳಿ ಆದ್ರೂ ಅಷ್ಟೇ.

ಸಾಗರದ ಉಳಿ
ನಮ್ಮದು ಮರಗೆಲಸದ ಮನೆ. ಅಪ್ಪನಿಗೆ ಈ ಚರ್ಚೆ ಓದಿ ಹೇಳಿದೆ. ಅವರು ಕೇಳಿದ್ದು ಒಂದೇ, "ಭಾರ ಹೊರೋದು ಯಾವುದು, ಚಂದಕ್ಕೆ ಇರೋದು ಯಾವುದು?" ಅವರ ಪ್ರಕಾರ ಕೂರೋ ಹಲಗೆ ಹಲಸಿಂದು ಇರಲಿ, ನಿಂತ ಎರಡು ಗೋಡೆ ರೆಸಿನ್‌ದು ಇರಲಿ. ನಿಂತದ್ದರ ಮೇಲೆ ಭಾರ ನೆಟ್ಟಗೆ ಕೆಳಗೆ ಇಳಿಯುತ್ತೆ, ಬಾಗೋ ಪ್ರಶ್ನೆ ಇಲ್ಲ. ಹಲಗೆ ಮರದ್ದಾದ್ರೆ ಹೊರಚಾಚೋಕೂ ತೊಂದ್ರೆ ಇಲ್ಲ, ಒಂದು ಅಡಿ ಆರಾಮ. ಕಾಫಿ ಲೋಟ ಇಡೋದೂ ಮರದ ಮೇಲೇ ಆಯ್ತು.

ಹಲಗೆ ಚೆನ್ನಾಗಿ ಒಣಗಿರಬೇಕು. ತೇವ ಶೇ 12ರೊಳಗೆ ಇಳಿದಿರಲಿ, ಈಗ ಅಳೆಯೋ ಸಣ್ಣ ಮೀಟರ್ ಸಿಗುತ್ತೆ. ಹಳೇ ಮನೆ ಬಿಚ್ಚಿದ ಹಲಗೆ ಸಿಕ್ಕಿದ್ರೆ ಬಾಳಾ ಒಳ್ಳೇದು. ರೆಸಿನ್ನಿಗೆ ಬೋಲ್ಟ್ ಹಾಕಿ ಬಿಗಿ ಮಾಡಬೇಡಿ, ಮಳೆಗಾಲದಲ್ಲಿ ಮರ ಅಗಲಕ್ಕೆ ಹಿಗ್ಗುತ್ತೆ, ರೆಸಿನ್ ಹಿಗ್ಗಲ್ಲ, ತೂತಿನ ಹತ್ರ ಸೀಳುತ್ತೆ. ಹಲಗೆ ಅಡಿಗೆ ಗೋಡೆ ದಪ್ಪಕ್ಕೆ ಸರಿಯಾಗಿ ಗಾಡಿ (ಉದ್ದ ತೋಡು) ತೆಗೆದು, ಅದರೊಳಗೆ ಗೋಡೆ ಕೂರಿಸಿ, ನಡುವೆ ಒಂದು ಗೂಟ ಹೊಡೆದ್ರೆ ಸಾಕು. ಬದಿಗೆ ಆಡೋಕೆ ಜಾಗ ಇರುತ್ತೆ.

ಲೆಕ್ಕದ ಮೇಷ್ಟ್ರು
ನಿಮ್ಮ ತಂದೆಯವರಿಗೆ ನಮಸ್ಕಾರ ತಿಳಿಸಿ. ನಾನು ಅಂಕಿಗಳಲ್ಲಿ ಹೇಳಿದ್ದನ್ನು ಅವರು ಒಂದು ಪ್ರಶ್ನೆಯಲ್ಲಿ ಮುಗಿಸಿದರು. ರೆಸಿನ್ 46 ಲೀಟರಿನಿಂದ 16ಕ್ಕೆ ಇಳಿಯಿತು. ಸುಮಾರು 18 ಕೆಜಿ, 12,000–13,000 ರೂಪಾಯಿ.

ರಿಪ್ಪನ್‌ಪೇಟೆ ರಾಯ
ಮರಕ್ಕೇ ಬಂದ್ರಲ್ಲ. ಬೀಟೆ ಹಲಗೆ ಇದ್ರೆ ಇನ್ನೂ ಚಂದ.

ಸಾಗರದ ಉಳಿ
ಬೀಟೆ ಆದ್ರೆ ಕಾಗದ ಇಟ್ಕೊಳ್ಳಿ ರಾಯರೆ. ಹಳೇ ಮನೇದೇ ಆದ್ರೂ ದಾರೀಲಿ ಅರಣ್ಯದವರು ತಡೆದು ಕೇಳಿದ್ರೆ ತೋರಿಸೋಕೆ ಏನಾದ್ರೂ ಬೇಕು. ಹಲಸಿಗೆ ಅಷ್ಟು ರಗಳೆ ಇಲ್ಲ. ಹಲಸಿನ ಹಳದಿ ಕಾಲ ಕಳೆದಂತೆ ಕಂದು ತಿರುಗುತ್ತೆ, ಫೈಬರ್ ಅಣ್ಣ ಹೇಳಿದ ಬಣ್ಣದ ಪಕ್ಕ ಚಂದ ಕಾಣುತ್ತೆ.

ಬೂಷ್ಟು ಬಂದ ಬೂಟು
ಒಂದು ಐಡಿಯಾ. ಆ ರೆಸಿನ್ ಗೋಡೆಯೊಳಗೆ ಅಡಿಕೆ ಹಾಳೆ, ಸುರಗಿ ಹೂವು ಎಲ್ಲ ಹಾಕಿ ಹೊಯ್ದ್ರೆ? ನಮ್ಮ ನೆಲದ ಸೊಗಡು.

ಬೆಂಗಳೂರಿಗೆ ಹೋದವ
ಜಪಾನಿನ ವಿನ್ಯಾಸಕ ಶಿರೋ ಕುರಾಮಾಟಾ 1988ರಲ್ಲಿ ಮಾಡಿದ ಮಿಸ್ ಬ್ಲಾಂಚ್ ಕುರ್ಚಿ ಹಂಗೇ ಇದೆ, ಒಳಗೆ ಕೆಂಪು ಗುಲಾಬಿ ತೇಲ್ತಾ ಇರೋ ಹಂಗೆ. ಅದು ಎಪಾಕ್ಸಿ ಅಲ್ಲ, ಅಕ್ರಿಲಿಕ್. ಗುಲಾಬಿಗಳೂ ಕೃತಕವೇ.

ಮಳೆಕಾಡು
ಸುರಗಿ ಒಣಗಿದ ಮೇಲೂ ಘಮ ಬಿಡಲ್ಲ, ಅದಕ್ಕೇ ಹೆಂಗಸರು ಮಾಲೆ ಒಣಗಿಸಿ ಪೆಟ್ಟಿಗೇಲಿ ಇಡೋದು. ರೆಸಿನ್ ಒಳಗೆ ಹೋದ್ರೆ ಘಮ ಪೂರ್ತಿ ಬಂದ್. ಹೂವಿಗೂ ನಷ್ಟ, ಬೆಂಚಿಗೂ ಲಾಭ ಇಲ್ಲ. ಅಡಿಕೆ ಹಾಳೆಯ ನಾರಿನ ಒಳಗೆಲ್ಲ ಗಾಳಿ ಇರುತ್ತೆ, ಎರಕದಲ್ಲಿ ಮುಳುಗಿಸಿದ ಕೂಡಲೇ ಗುಳ್ಳೆ ಬಿಡೋಕೆ ಶುರು ಮಾಡುತ್ತೆ. ಮೊದಲು ತೆಳುವಾಗಿ ರೆಸಿನ್ ಬಳಿದು ಗಟ್ಟಿಯಾಗಲು ಬಿಟ್ಟು ಆಮೇಲೆ ಹಾಕಬೇಕು.

ತುಂಗೆಯ ದಂಡೆ
ಏನೂ ಹಾಕೋದು ಬೇಡ. ಖಾಲಿ ಇದ್ರೇ ಬೆಳಕಿಗೆ ಜಾಗ. ಅದರೊಳಗೆ ಹಾಳೆ, ಹೂವು, ಹೆಸರು ಎಲ್ಲ ತುರುಕಿದ್ರೆ ಜಾತ್ರೆಯ ಕೀಚೈನು.

ಕೊಪ್ಪದ ಅಕ್ಕ
ಕೀಚೈನು 😂 ನಮ್ಮನೇಲೂ ಒಂದುಂಟು, ಒಳಗೆ ಚೇಳು.

ಹೆಂಚಿನಮನೆ
ಫೋನಲ್ಲಿ ಅವರ ಹತ್ರ ಮಾತಾಡಿದೆ. ಮರದ ಹಲಗೆ ಅಂದಾಗ ಮೊದಲು ಮುಖ ಸಣ್ಣ ಮಾಡ್ಕೊಂಡ್ರು. ಗಾಜಿನ ಗೋಡೆ ಮಾತು ಹೇಳಿ ಫೋಟೋ ಕಳಿಸಿದ ಮೇಲೆ ಅವರೇ ಶುರು ಮಾಡಿದ್ರು, ಬೆಂಚು ಜಗಲೀಲಿ ಬೇಡ, ತೊಟ್ಟಿಯ ಒಳಗಿನ ಪಡಸಾಲೆಯಲ್ಲಿ ಗೋಡೆಗೆ ಅಡ್ಡಲಾಗಿ ಇಡೋಣ ಅಂತ. ಅಲ್ಲಿ ಅಂಗಳದ ಬೆಳಕು ಬದಿಯಿಂದ ಬರುತ್ತೆ, ನೇರ ಬಿಸಿಲು ಬೀಳೋದು ಕಡಿಮೆ. ಮೇಲೆ ಎರಡು ಹೆಂಚು ತೆಗೆದು ಗಾಜಿನ ಹೆಂಚು ಹಾಕಿದ್ರೆ ನಿಂತ ಗೋಡೆಯ ಅಂಚಿಗೆ ಮೇಲಿಂದಲೂ ಬೆಳಕು. ಗುಲಾಬಿ ಬಣ್ಣ ಮಾತ್ರ ಬಿಡ್ತಿಲ್ಲ.

ತುಂಗೆಯ ದಂಡೆ
ಈಗ ಸರಿಯಾಯ್ತು. ಒಂದು ಮಾತು, ಗೋಡೆ ಮೈಯನ್ನ ಕನ್ನಡಿ ಹಂಗೆ ಹೊಳೆಯೋವರೆಗೂ ಪಾಲಿಶ್ ಮಾಡಿಸಬೇಡಿ. ಆ ಮಬ್ಬಿಗೆ ಮ್ಯಾಟ್ ಮೈಯೇ ಒಪ್ಪೋದು.

ಫೈಬರ್ ಅಣ್ಣ
ಹೌದು. 400 ನಂಬರಿನ ಸ್ಯಾಂಡ್‌ಪೇಪರಿಗೆ ನಿಲ್ಲಿಸಿದ್ರೆ ಮೈ ಮಂಜು ಹಿಡಿದ ಗಾಜಿನ ಥರ ಬರುತ್ತೆ, ಗೀರು, ಬೆರಳಚ್ಚು ಕಾಣಲ್ಲ. ಅಂಚು ಮಾತ್ರ ಇನ್ನೂ ನಯವಾದ 3000ದವರೆಗೂ ಹೋಗಿ ಪಾಲಿಶ್ ಹಾಕ್ತೀನಿ, ಬೆಳಕು ಅಲ್ಲಿಂದ ಒಳಗೆ ಇಳೀಲಿ. ನೀರು ಹಾಕ್ಕೊಂಡೇ ಉಜ್ಜಬೇಕು, ಒಣ ಉಜ್ಜಿದ್ರೆ ಕಾವಿಗೆ ಪೇಪರ್ ಜಿಡ್ಡು ಕಟ್ಟುತ್ತೆ. ದೂಳೂ ಏಳಲ್ಲ, ಡಾಕ್ಟ್ರಿಗೂ ಸಮಾಧಾನ.

ಅಚ್ಚಿಗೆ ಸನ್‌ಮೈಕಾ ಹೊಡೆದ ಪ್ಲೈವುಡ್ ಸಾಕು. ಮೂಲೆಗೆ ಸಿಲಿಕಾನ್, ಒಳಮೈಗೆ ವ್ಯಾಕ್ಸ್. ನಿಲ್ಲಿಸಿ ಹೊಯ್ಯಲ್ಲ, ಮಲಗಿಸಿ ಹೊಯ್ತೀನಿ, 5 ಸೆಂ.ಮೀ ಎರಡು ಪದರದಲ್ಲಿ. ಮೊದಲನೇದು ಇನ್ನೂ ಅಂಟಂಟು ಇರುವಾಗಲೇ ಎರಡನೇದು, ಆಗ ನಡುವೆ ಗೆರೆ ಕಾಣಲ್ಲ. ಬಣ್ಣ ಪೂರ್ತಿ 18 ಕೆಜಿಗೂ ಆಗೋಷ್ಟನ್ನ ಒಟ್ಟಿಗೇ ರೆಸಿನ್ನಿಗೆ ಕಲಸಿಟ್ಕೊಂಡು, ಹಾರ್ಡನರನ್ನ ಮಾತ್ರ ಆಗಾಗ ಬೇಕಾದಷ್ಟಕ್ಕೆ ಹಾಕ್ತೀನಿ. ಇಲ್ಲಾಂದ್ರೆ ಒಂದು ಗೋಡೆ ಗುಲಾಬಿ, ಒಂದು ಗೋಡೆ ಬೀಟ್ರೂಟ್ ಆಗುತ್ತೆ.

ದೀಪಾವಳಿ ಕಳೀಲಿ. ಅಷ್ಟರೊಳಗೆ ಒಂದೊಂದು ಅಂಗೈಯಗಲದ ತುಂಡು ಗುಲಾಬಿ, ಜೋನಿಬೆಲ್ಲ ಎರಡು ಬಣ್ಣದಲ್ಲೂ ಹೊಯ್ದು ಕೊಡ್ತೀನಿ, ಅರ್ಧಕ್ಕೆ ಕಪ್ಪು ಟೇಪ್ ಸುತ್ತಿ ಮಾಡಿನ ಮೇಲೆ ಬಿಸಿಲಿಗಿಡಿ. ಆಮೇಲೆ ಟೇಪ್ ಬಿಚ್ಚಿ ಅವರಿಗೇ ತೋರಿಸಿ, ಗುಲಾಬಿ ಬೇಕೋ ಬೇಡ್ವೋ ಅವರೇ ಹೇಳಲಿ.

ಹೆಂಚಿನಮನೆ
ಅಣ್ಣ, ಇನ್‌ಬಾಕ್ಸಿಗೆ ಬನ್ನಿ, ಅಳತೆ ಕಳಿಸ್ತೀನಿ. ಸಾಗರದ ಉಳಿಯವರೇ, ಹಲಗೆ ನೋಡೋಕೆ ಒಂದಿನ ಬರ್ತೀನಿ, ಅಪ್ಪನವರು ಇರೋವಾಗ ಹೇಳಿ.

ಸಾಗರದ ಉಳಿ
ಬನ್ನಿ ಅಕ್ಕ. ಮಂಗಳವಾರ ಬೇಡ, ಅವತ್ತು ಅಪ್ಪ ಯಾರಿಗೂ ಮರ ತೋರಿಸಲ್ಲ.

ಅಡಿಕೆ ಸಿಪ್ಪೆ
ಗಾಜಿನ ಹೆಂಚು ಈಗಲೂ ಸಿಗುತ್ತಾ? ನಮ್ಮ ಕೊಟ್ಟಿಗೆಗೂ ಎರಡು ಬೇಕಿತ್ತು.

ರಿಪ್ಪನ್‌ಪೇಟೆ ರಾಯ
ಸಿಗುತ್ತೆ. ನಿಮ್ಮ ಹೆಂಚಿನದೊಂದು ಚೂರು ಅಲ್ಲ, ಪೂರ್ತಿ ಹೆಂಚೇ ತಗೊಂಡು ಹೋಗಿ ಅಳತೆ ಕೂಡಿಸಿ ನೋಡಿ ತನ್ನಿ. ಒಂದೊಂದು ಕಾರ್ಖಾನೆ ಹೆಂಚಿನ ಕಚ್ಚು ಒಂದೊಂದು ಥರ, ಕೂರದೆ ಹೋದ್ರೆ ಮೊದಲ ಮಳೆಗೇ ಸೋರುತ್ತೆ. ನಮ್ಮ ಅಟ್ಟದ ಮೇಲೆ ಮೂರ್ನಾಲ್ಕು ಹಳೇವು ಬಿದ್ದಿವೆ. ಹೋಂಸ್ಟೇಯವರಿಗೆ ಬೇಕಿದ್ರೆ ಅವರಿಗೂ ಹೇಳಿ, ಬಂದು ತಗೊಂಡು ಹೋಗ್ಲಿ.